ತವರಿನ ಕಂದು

ನೀರಿನ ಜೊತೆ ಬಂದಿದ್ದರೆ ರೋಗ ಇಳಿಜಾರಿನ ಕಡೆಗೆ ಇಳಿಯಬೇಕಿತ್ತು. ಟ್ರ್ಯಾಕ್ಟರ್ ಗಾಲಿಗೆ ಅಂಟಿದ ಮಣ್ಣಿನಲ್ಲಿ ಬಂದಿದ್ದರೆ ರಸ್ತೆ ಹಿಡಿಯಬೇಕಿತ್ತು. ಇದು ಎರಡನ್ನೂ ಮಾಡಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ? ಕಾವಲು ಗಿಡವೇ ಸುಳ್ಳು ಹೇಳುತ್ತಿದೆಯೆ, ಅಥವಾ ಅದು ಹೇಳಿದ್ದನ್ನು ಓದಲು ತನಗೇ ಬರುತ್ತಿಲ್ಲವೆ?

ಗೋಡೆಯಗಲದ ಪರದೆಯ ಮುಂದೆ ಗುರುಮಲ್ಲಪ್ಪ ಕೈಕಟ್ಟಿ ನಿಂತಿದ್ದ. ಕಪಿಲಾ ನದಿಯ ಎರಡೂ ದಡದ ಊರುಗಳು ನಕ್ಷೆಯಲ್ಲಿ ಹಸಿರಾಗಿ ಹರಡಿಕೊಂಡಿದ್ದವು. ನಡುನಡುವೆ ಕೆಂಪು ಚುಕ್ಕೆಗಳು. ಒಂದು ಚುಕ್ಕೆಗೂ ಇನ್ನೊಂದಕ್ಕೂ ಸಂಬಂಧವೇ ಇರಲಿಲ್ಲ.

"ಎಂತ ಮಾರಾಯ್ರೆ, ಈ ರೋಗಕ್ಕೆ ರೆಕ್ಕೆ ಬಂದಿದೆಯಾ?" ಎಂದಳು ನಕ್ಷೆ ನೋಡಿಕೊಳ್ಳುವ ಲವೀನಾ. ಮಂಗಳೂರಿನವಳು, ಮೈಸೂರಿನ ಬಾಳೆ ಕಾವಲು ಕೇಂದ್ರಕ್ಕೆ ಬಂದು ವರ್ಷಗಳಾದರೂ ಮಾತು ಬದಲಾಗಿರಲಿಲ್ಲ. "ನಡುವಿನ ಊರನ್ನೆಲ್ಲ ಬಿಟ್ಟು ಹಾರಿದೆ ನೋಡಿ. ಬೇಲಿ ಪಕ್ಕದ ತೋಟಕ್ಕೆ ಏನೂ ಆಗಿಲ್ಲ, ಹೊಳೆ ಆಚೆಯ ತೋಟ ಕೆಂಪು."

ಪನಾಮ ಸೊರಗು ರೋಗದ ಹೊಸ ತಳಿ ಈ ಸೀಮೆಗೆ ಕಾಲಿಟ್ಟಾಗ ರಸಬಾಳೆ ಉಳಿಯುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಮಣ್ಣಿನಲ್ಲಿ ಅಡಗಿರುವ ಒಂದು ಶಿಲೀಂಧ್ರ ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿಹಾಕುತ್ತದೆ. ಮೇಲೆ ಎಲೆ ಹಳದಿಯಾಗುವ ಹೊತ್ತಿಗೆ ತೋಟ ಅರ್ಧ ಸತ್ತಿರುತ್ತದೆ. ಅದಕ್ಕೇ ಗುರುಮಲ್ಲಪ್ಪನ ತಂಡ ಕಾವಲು ಬಾಳೆಯನ್ನು ಮಾಡಿತು. ಶಿಲೀಂಧ್ರ ಬೇರನ್ನು ಮುಟ್ಟಿದೊಡನೆ ಗಿಡದೊಳಗೆ ಏಳುವ ಗಾಬರಿಗೆ ಬೀಟ್‌ರೂಟಿನ ಬಣ್ಣ ತಯಾರಿಸುವ ವಂಶವಾಹಿಯನ್ನು ಜೋಡಿಸಿದರು. ಗಿಡ ಹೆದರಿದರೆ ಎಲೆಯ ನಡುದಿಂಡು ಕೆಂಪಾಗುತ್ತದೆ. ಪ್ರತಿ ತೋಟದ ಮೂಲೆಮೂಲೆಗೂ ಒಂದೊಂದು ಕಾವಲು ಗಿಡ, ಅದನ್ನು ನೋಡುತ್ತಿರಲು ಕಂಬದ ಮೇಲೊಂದು ಕ್ಯಾಮೆರಾ. ಕೆಂಪು ಕಂಡರೆ ತೆರವು ತಂಡ ಬಂದು ಆ ತೋಟದ ಬಾಳೆಗೆಲ್ಲ ವಿಷದ ಸೂಜಿ ಚುಚ್ಚಿ, ಕಡಿದು, ಸುಟ್ಟು ಹೋಗುತ್ತಿತ್ತು. ಆಮೇಲೆ ಒಂದು ತಲೆಮಾರಿನವರೆಗೆ ಆ ಮಣ್ಣಿನಲ್ಲಿ ಬಾಳೆ ನೆಡುವಂತಿಲ್ಲ.

ಜನ ಇದಕ್ಕೂ ಒಗ್ಗಿಕೊಂಡರು. ತೋಟದ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ. ಕಾಲು ಅದ್ದದೆ ಬೀಗರೂ ಒಳಗೆ ಬರುವಂತಿಲ್ಲ. ಬೇಲಿಯ ಮೇಲೆ ಕೆಂಪು ಸೀರೆ ಒಣಹಾಕುವುದನ್ನು ಹೆಂಗಸರು ಬಿಟ್ಟರು. ಯಾರೋ ಮುದುಕಪ್ಪ ಕಾವಲು ಗಿಡದ ಮೇಲೆ ಎಲೆಅಡಿಕೆ ಉಗಿದು, ತೆರವು ತಂಡ ಸೂಜಿ ಸಮೇತ ಓಡಿಬಂದ ಕತೆ ಹೋಟೆಲು ಹೋಟೆಲಿನಲ್ಲಿ ನಡೆಯುತ್ತಿತ್ತು. ನಗುತ್ತಲೇ ಎಲ್ಲರೂ ಬೆಳಗಾದರೆ ಮೊದಲು ತೋಟದ ಮೂಲೆಗೆ ಹೋಗಿ ಎಲೆಯ ಬೆನ್ನು ನೋಡುತ್ತಿದ್ದರು.

"ಸಾಲಾಗಿ ಓದಿ," ಎಂದ ಗುರುಮಲ್ಲಪ್ಪ. "ಯಾವುದು ಮೊದಲು ಕೆಂಪಾಯಿತೋ ಅಲ್ಲಿಂದ."

ಲವೀನಾ ಓದತೊಡಗಿದಳು. "ತೊರೆಹುಂಡಿ. ಆಮೇಲೆ ಹಾಲುಗಟ್ಟ. ಗೋಣಿಪುರ. ಮಾದಾಪುರದ ಪಾಳ್ಯ..."

ಅವನ ಕೈ ಸಡಿಲವಾಯಿತು. ತೊರೆಹುಂಡಿ ಅವನ ಸ್ವಂತ ಊರು. ಅವನ ಅವ್ವನ ತೋಟವೇ ಮೊದಲು ಕೆಂಪಾದದ್ದು; ತೆರವಾದ ಮೇಲೆ ಅವ್ವ ಹೆಚ್ಚು ದಿನ ಬದುಕಲಿಲ್ಲ. ಹಾಲುಗಟ್ಟ ಚಿಕ್ಕವ್ವನನ್ನು ಕೊಟ್ಟ ಊರು. ಗೋಣಿಪುರ ಚಿಕ್ಕವ್ವನ ಮಗಳನ್ನು ಕೊಟ್ಟ ಊರು. ಪಾಳ್ಯದಲ್ಲಿ ಅವಳ ನಾದಿನಿ ಇದ್ದಾಳೆ. ಲವೀನಾ ಓದಿದ ಒಂದೊಂದು ಊರೂ ಅವನಿಗೆ ಒಬ್ಬೊಬ್ಬ ಹೆಂಗಸಿನ ಮುಖವಾಗಿ ಕಂಡಿತು. ರೋಗ ನೀರಿನ ದಾರಿಯಲ್ಲೂ ಹೋಗಿಲ್ಲ, ರಸ್ತೆಯಲ್ಲೂ ಹೋಗಿಲ್ಲ. ಹೆಣ್ಣು ಕೊಟ್ಟು ತಂದ ದಾರಿಯಲ್ಲಿ ಹೋಗಿದೆ.

ಅವರ ಕಡೆ ಮದುವೆಯಾಗಿ ಹೊರಡುವ ಹುಡುಗಿ ತವರಿನ ತೋಟದ ಒಂದು ಬಾಳೆ ಕಂದನ್ನು, ಅಂದರೆ ತಾಯಿಗಿಡದ ಬುಡದಲ್ಲಿ ಒಡೆದ ಮರಿಯನ್ನು, ಮಡಿಲಲ್ಲಿಟ್ಟುಕೊಂಡು ಹೋಗುತ್ತಾಳೆ. ಗಂಡನ ಮನೆಯ ಬಚ್ಚಲ ನೀರು ಹರಿಯುವ ಕಡೆ ಅದನ್ನು ನೆಡುತ್ತಾಳೆ. ತವರಿನಲ್ಲಿ ತೋಟ ಹೋಗುತ್ತದೆಂದು ತಿಳಿದರೆ, ಹೋಗುವ ಮುಂಚೆ ಒಂದು ಕಂದನ್ನು ಕಿತ್ತು ಮಗಳ ಮನೆಗೆ ಸೇರಿಸಬೇಕು. ತಾಯಿ ಬಿದ್ದರೂ ಕಂದು ನಿಲ್ಲಬೇಕು. ಅದು ಕದ್ದು ಮಾಡುವ ಕೆಲಸವೆಂದು ಯಾರಿಗೂ ಅನ್ನಿಸಿರಲಾರದು. ಕಂದು ಹಸಿರಾಗಿಯೇ ಇರುತ್ತದೆ. ರೋಗ ಒಳಗಿದ್ದರೂ ತಿಂಗಳುಗಟ್ಟಲೆ ಕಾಣುವುದಿಲ್ಲ. ಹಿತ್ತಿಲಿನಲ್ಲಿ ಕಾವಲು ಗಿಡವೂ ಇಲ್ಲ, ಕ್ಯಾಮೆರಾವೂ ಇಲ್ಲ. ಬಚ್ಚಲ ನೀರು ಮಾತ್ರ ಹರಿದು ಹೋಗಿ ಎಲ್ಲೋ ತೋಟದ ಬೇರನ್ನು ಮುಟ್ಟುತ್ತದೆ.

"ಏನಾದ್ರೂ ಹೊಳೀತಾ?" ಎಂದಳು ಲವೀನಾ.

"ಇನ್ನೂ ಇಲ್ಲ," ಎಂದ ಗುರುಮಲ್ಲಪ್ಪ. ಕಗ್ಗಲಪುರ ನಕ್ಷೆಯಲ್ಲಿ ಹಸಿರಾಗಿಯೇ ಇತ್ತು. ಅದು ಅವನ ಅಕ್ಕ ಚೆನ್ನಾಜಮ್ಮನ ಊರು.

ಕಗ್ಗಲಪುರದ ಮನೆಯಲ್ಲಿ ಮದುವೆಯ ಗಡಿಬಿಡಿ. ಅಕ್ಕನ ಮಗಳು ಹಂಸವೇಣಿಯನ್ನು ಅರಳಿಪುರಕ್ಕೆ ಕೊಡುವುದಾಗಿತ್ತು. ಗುರುಮಲ್ಲಪ್ಪ ಬಾಗಿಲಲ್ಲಿ ಬೂಟಿನ ತಳ ನೋಡಿಕೊಳ್ಳುತ್ತ ನಿಂತ.

"ಏನ್ಲಾ ಗುರು, ಸಾಮಾನು ಇಳ್ಸಕ್ಕೆ ಬಂದ ಆಳಿನಂಗೆ ಬಾಗ್ಲಲ್ಲೇ ನಿಂತ್ಕಂಡೆ? ಒಳಕ್ ಬಾ. ಕಾಲು ಅದ್ದಕ್ಕೆ ಇದು ತ್ವಾಟ ಅಲ್ಲ ಕನಪ್ಪ, ಮನೆ," ಎಂದಳು ಅಕ್ಕ.

ಅವನು ನೇರ ಹಿತ್ತಿಲಿಗೆ ಹೋದ. ಬಚ್ಚಲ ಕೊನೆಯಲ್ಲಿ ಒಂದು ರಸಬಾಳೆ ನಿಂತಿತ್ತು. ಆಳೆತ್ತರದ ಗಿಡ, ಬುಡದ ಸುತ್ತ ಕತ್ತಿಯಂಥ ಎಲೆಯ ಕಂದುಗಳು. ಎಲ್ಲಿಯೂ ಒಂದು ಹಳದಿ ಗೆರೆ ಇರಲಿಲ್ಲ.

"ಅಕ್ಕ, ಇದು ಎಲ್ಲಿಂದು?"

"ಎಲ್ಲಿಂದು ಅಂದ್ರೆ? ನಿಮ್ಮೋರು ಸೂಜಿ ಹಿಡ್ಕಂಡು ಬರಾಕ್ ಮುಂಚೆ ಅವ್ವ ಕಿತ್ತು ಕೊಟ್ಳು. ಅವ್ಳು ಕೈಯಾರೆ ಕೊಟ್ಟ ಕೊನೇದು ಇದೇ ಕನ. ಇದ್ರಲ್ಲೇ ಒಂದ ವೇಣಿ ಮಡ್ಲಿಗೆ ಹಾಕ್ತಿನಿ."

ಗುರುಮಲ್ಲಪ್ಪ ಬುಡದ ಬಳಿ ಕುಳಿತ. ಮಣ್ಣನ್ನು ಮುಟ್ಟಲಿಲ್ಲ. "ಇದರಲ್ಲಿ ರೋಗ ಇರಬಹುದು ಅಕ್ಕ."

"ಇರಬೋದು ಅಂತೀಯೋ, ಅದೆ ಅಂತೀಯೋ?"

"ಕಡಿದು ನೋಡದೆ ಗೊತ್ತಾಗಲ್ಲ."

"ಚೆನ್ನಾಗದೆ! ಬಸುರಿ ಹೊಟ್ಟೆ ಕುಯ್ದು ಮಗ ಚೆನ್ನಾಗದಾ ಅಂತ ನೋಡ್ದಂಗೆ." ಅಕ್ಕ ನಕ್ಕಳು, ಆಮೇಲೆ ನಗು ನಿಂತಿತು. "ಅವ್ವ ಹೋದ್ಲು. ಅವ್ಳ ತ್ವಾಟನ ನೀನೇ ಮಾಡ್ದ ಗಿಡ ತೋರ್ಸಿ ಸುಡ್ಸುದ್ರಿ. ನಾನೇನಾರ ಅಂದ್ನಾ? ಇದೊಂದ ಬುಡು. ಮದ್ವೆ ಮಾಡ್ಕಳ್ದೆ ಬಾಳೆಗಿಡ ಕಟ್ಕಂಡು ಬಾಳ್ವೆ ಮಾಡೋನು ನೀನು. ಹೆಣ್ಮಕ್ಳು ತವರಿಂದ ಏನ್ ತಕ್ಕೊಂಡ್ ಹೋಯ್ತಾರೆ ಅನ್ನಾದು ನಿಂಗೇನ್ ಗೊತ್ತು?"

ವೇಣಿ ಕಾಫಿ ಲೋಟ ಹಿಡಿದು ಬಂದಳು. "ಮಾವ, ನನ್ನ ಗಂಡನಿಗೂ ಒಂದು ಕಾವಲು ಗಿಡ ಮಾಡ್ಕೊಡಿ. ಅವರು ಸುಳ್ಳು ಹೇಳಿದ ತಕ್ಷಣ ಕೆಂಪಾಗ್ಬೇಕು."

"ಮಾಡೋಣ," ಎಂದ. ಕಾಫಿ ಬಿಸಿಯಾಗಿತ್ತು, ಹಾಗೇ ಕುಡಿದ.

ಮೈಸೂರಿಗೆ ಕಾರು ನಡೆಸಿಕೊಂಡು ಹೋಗುವಾಗ ಅವನು ತನ್ನೊಳಗೆ ಮಾತು ಜೋಡಿಸಿಕೊಂಡ. ಹೇಳಬೇಕಾದದ್ದು ಕೇಂದ್ರಕ್ಕೆ. ಹೇಳಿದರೆ ನಾಳೆಯೇ ತಂಡ ಬರುತ್ತದೆ. ನಿಯಮದಂತೆ ಹಿತ್ತಿಲು ಮಾತ್ರವಲ್ಲ, ಭಾವನ ಇಡೀ ತೋಟ ಹೋಗುತ್ತದೆ, ಅದೂ ಚಪ್ಪರ ಹಾಕಿದ ಮನೆಯ ಮುಂದೆ. ಅಷ್ಟಕ್ಕೆ ರುಜುವಾತು ಏನು? ಹೆಂಗಸರ ಊರುಗಳ ಹೆಸರು. ಗಿಡ ಒಳ್ಳೆಯದೇ ಆಗಿದ್ದರೆ? ಹೇಳದಿದ್ದರೆ ವೇಣಿಯ ಮಡಿಲಲ್ಲಿ ಕೂತು ಅದು ಅರಳಿಪುರಕ್ಕೆ ಹೋಗುತ್ತದೆ. ಅರಳಿಪುರವೆಂದರೆ ಕಾಲುವೆಯ ತಲೆಭಾಗ. ಅಲ್ಲಿಂದ ಕೆಳಗೆ ಇರುವುದೆಲ್ಲ ಬಾಳೆಯೇ.

ಕೇಂದ್ರದ ಹಿಂದೆ ಎತ್ತರದ ಬಲೆಯ ಬೇಲಿಯೊಳಗೆ ಪ್ರಯೋಗದ ತೋಟ. ಅಲ್ಲಿದ್ದದ್ದು ಅವನ ಇನ್ನೊಂದು ಕೆಲಸ. ಕಾಡುಬಾಳೆಯೊಂದರ ರೋಗ ತಡೆಯುವ ಗುಣವನ್ನು ರಸಬಾಳೆಗೆ ಸೇರಿಸಿ ಬೆಳೆಸಿದ ಗಿಡಗಳು. ಬೇಕೆಂದೇ ರೋಗದ ಮಣ್ಣು ಸುರಿದಿದ್ದ ಮಡಿಯಲ್ಲಿ ಅವು ಈವರೆಗೆ ನಿಂತಿದ್ದವು. ಪಕ್ಕದ ಶುದ್ಧ ಮಣ್ಣಿನ ಮಡಿಯಲ್ಲಿಯೂ ಅದೇ ತಳಿಯಿತ್ತು. ಆದರೆ ಪರೀಕ್ಷೆ ಮುಗಿದಿರಲಿಲ್ಲ. ಒಂದು ಎಲೆಯನ್ನೂ ಬೇಲಿಯಾಚೆ ಒಯ್ಯಲು ಅನುಮತಿಯಿರಲಿಲ್ಲ. ಮೊದಲ ಗೊನೆಯ ಹಣ್ಣು ತಿಂದು ಲವೀನಾ ಹೇಳಿದ್ದಳು: "ಚೆನ್ನಾಗಿದೆ. ಆದರೆ ಕೊನೆಗೆ ನಾಲಿಗೆಯ ಮೇಲೆ ಸ್ವಲ್ಪ ಹುಳಿ ಉಳಿಯುತ್ತದಲ್ಲ?"

ಬಾಳೆಗೆ ಬೀಜವಿಲ್ಲ. ಒಂದು ಕಂದಿನಿಂದ ಇನ್ನೊಂದು, ಅದರಿಂದ ಮತ್ತೊಂದು. ಸೀಮೆಯ ರಸಬಾಳೆಯೆಲ್ಲ ಒಂದೇ ಗಿಡದ ತುಂಡುಗಳು ಎಂದು ಅವನು ಎಷ್ಟೋ ಸಭೆಗಳಲ್ಲಿ ಹೇಳಿದ್ದ. ಹಾಗಿರುವಾಗ ಯಾವ ಕಂದು ಯಾರ ತೋಟದ್ದಾದರೇನು? ಲೆಕ್ಕ ಸರಿಯಾಗಿತ್ತು. ಆದರೂ ಶುದ್ಧ ಮಡಿಯ ಪಕ್ಕದಲ್ಲಿ ಸನಿಕೆ ಹಿಡಿದು ನಿಂತಾಗ ಆ ಲೆಕ್ಕ ಅವನ ಸಹಾಯಕ್ಕೆ ಬರಲಿಲ್ಲ. ಅಕ್ಕನ ಹಿತ್ತಿಲಿನಲ್ಲಿ ಕಂಡ ಕಂದಿನಷ್ಟೇ ಎತ್ತರದ್ದನ್ನು ಆರಿಸಿ ಅಗೆದ. ಕಾರಿನ ಡಿಕ್ಕಿಯಲ್ಲಿ ಅದನ್ನು ಮಲಗಿಸಿ ಮೇಲೆ ಗೋಣಿ ಮುಚ್ಚಿದ.

ಮದುವೆಯ ಚಪ್ಪರದ ಕಂಬಗಳಿಗೆ ಪ್ಲಾಸ್ಟಿಕ್ ಬಾಳೆ ಕಟ್ಟಿದ್ದರು. ಈಗ ಎಲ್ಲ ಕಡೆಯೂ ಹಾಗೆಯೇ. ಮುಹೂರ್ತ ಮುಗಿದು ಊಟಕ್ಕೆ ಮುತ್ತುಗದ ಎಲೆ ಹಾಸಿದರು. ಬಾಳೆಎಲೆಯ ಊಟ ಉಂಡವರು ಅದನ್ನು ನೆನೆಸಿಕೊಂಡು ಉಂಡರು; ಮಕ್ಕಳಿಗೆ ಆ ನೆನಪೂ ಇರಲಿಲ್ಲ.

ಪಂಕ್ತಿಯಲ್ಲಿ ಪಾಯಸ ಬಡಿಸುವ ಹೊತ್ತಿಗೆ ಗುರುಮಲ್ಲಪ್ಪ ಹಿತ್ತಿಲಿಗೆ ನಡೆದ. ಅಕ್ಕ ಬೆಳಿಗ್ಗೆಯೇ ಕಂದನ್ನು ಕಿತ್ತು, ಗಡ್ಡೆ ತೊಳೆದು, ಅರಿಶಿನ ಹಚ್ಚಿ, ಅವ್ವನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಒರಳುಕಲ್ಲಿನ ಪಕ್ಕ ನಿಲ್ಲಿಸಿದ್ದಳು. ಅವನು ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿದ. ಬಟ್ಟೆಯ ಮೇಲೂ ಮಣ್ಣು ಇತ್ತು. ಅದರಲ್ಲೂ ರೋಗವಿರಬಹುದೆಂದು ಹೊಳೆಯುವುದಕ್ಕೆ ಒಂದು ಗಳಿಗೆ ಬೇಕಾಯಿತು. ಸೀರೆಯ ತುಂಡನ್ನು ಬದಲಿಸುವಂತಿಲ್ಲ. ಅಕ್ಕ ಗುರುತು ಹಿಡಿಯುತ್ತಾಳೆ. ಕಾರಿನಿಂದ ಔಷಧಿ ನೀರಿನ ಕ್ಯಾನು ತಂದು ಬಕೆಟ್ಟಿಗೆ ಸುರಿದು ಬಟ್ಟೆಯನ್ನು ಅದ್ದಿ ಕುಳಿತ. ಹಸಿರು ಅಂಚಿನ, ಸಣ್ಣ ಚೌಕಳಿಯ ಸೀರೆ. ಅವ್ವ ತೋಟಕ್ಕೆ ಉಟ್ಟು ಹೋಗುತ್ತಿದ್ದದ್ದು. ಒಳಗಿನಿಂದ "ಪಾಯ್ಸ, ಪಾಯ್ಸ" ಎಂಬ ಕೂಗು ಕೇಳುತ್ತಿತ್ತು. ಔಷಧಿ ಕೆಲಸ ಮಾಡಲು ಬೇಕಾದಷ್ಟು ಹೊತ್ತು ಅವನು ಅಲ್ಲಿ ಕೂತಿರಲೇಬೇಕಿತ್ತು.

ತಂದ ಕಂದಿಗೆ ಅರಿಶಿನ ಹಚ್ಚಿ, ಹಿಂಡಿದ ಬಟ್ಟೆ ಸುತ್ತಿ, ಹಳೆಯದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕಾರಿಗೆ ಹಾಕಿ ತಿರುಗುವಷ್ಟರಲ್ಲಿ ಕೈತೊಳೆಯಲು ಬಂದ ವಯಸ್ಸಾದ ಬೀಗರೊಬ್ಬರು ಅವನನ್ನೇ ನೋಡುತ್ತಿದ್ದರು.

"ಊಟ ಆಗ್ನಿಲ್ವಾ, ಸಾಮಿ?"

"ಈಗ ಕೂರಬೇಕು."

"ಪಾಯ್ಸ ಮುಗ್ದೋಯ್ತಲ್ಲಪ್ಪ. ಹೆಣ್ಣಿನ ಸೋದರಮಾವಂಗೇ ಪಾಯ್ಸ ಇಲ್ಲ ಅಂದ್ರೆ ಏನ್ ಮದ್ವೆ ಇದು!" ಎಂದು ನಗುತ್ತ ಅವರು ಕೈ ಒರೆಸಿಕೊಂಡು ಹೋದರು.

ಹೆಣ್ಣು ಒಪ್ಪಿಸುವ ಹೊತ್ತಿಗೆ ಅಕ್ಕ ಕಂದನ್ನು ತಂದಳು. ಅವಳ ಕೈ ಬಟ್ಟೆಯ ಮೇಲೆ ನಿಂತಿತು. "ಇದ್ಯಾಕೆ ಇಷ್ಟು ವದ್ದೆ?"

"ಬಿಸಿಲಿತ್ತಲ್ಲ. ನಾನೇ ನೀರು ಹಾಕಿದೆ," ಎಂದ ಗುರುಮಲ್ಲಪ್ಪ.

ಅಕ್ಕ ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿತು. "ನೀನೂ ಒಪ್ಕಂಡೆ ಅಂತಾಯ್ತು," ಎಂದು ಮೆಲ್ಲಗೆ ಹೇಳಿ, ಕಂದನ್ನು ಮಗಳ ಮಡಿಲಿಗೆ ಹಾಕಿದಳು.

ಸಂಜೆ ಪ್ರಯೋಗಾಲಯದಲ್ಲಿ ಅವನು ಚೀಲ ಬಿಚ್ಚಿದ. ಚಾಕು ಹಿಡಿದವನಿಗೆ ಎರಡು ಭಯ ಒಟ್ಟಿಗೆ ಕಾಡಿದವು. ರೋಗವಿದ್ದರೆ ಅಕ್ಕನ ತೋಟ ಹೋಗುತ್ತದೆ. ರೋಗವಿಲ್ಲದಿದ್ದರೆ, ತಾನು ಕದ್ದು ತಂದು ಈಗ ಕಡಿಯುತ್ತಿರುವುದು ಅವ್ವನ ಒಳ್ಳೆಯ ಗಿಡವನ್ನು. ಯಾವುದಕ್ಕಾಗಿ ಆಸೆಪಡಬೇಕೆಂದು ತಿಳಿಯಲಿಲ್ಲ. ಗಡ್ಡೆಯನ್ನು ಅಡ್ಡಲಾಗಿ ಕುಯ್ದ. ಬಿಳಿಯ ತಿರುಳಿನಲ್ಲಿ ಒಂದು ಉಂಗುರದಂತೆ ಕಂದುಬಣ್ಣದ ಚುಕ್ಕಿಗಳು ಕೂತಿದ್ದವು. ಯಂತ್ರಕ್ಕೆ ಹಾಕಿ ನೋಡಿದ. ಅದೂ ಬೇರೆ ಹೇಳಲಿಲ್ಲ. ತುಂಡುಗಳನ್ನು ಹಬೆಯ ಪಾತ್ರೆಗೆ ತುಂಬಿ ಮುಚ್ಚಳ ಬಿಗಿದ.

ಮರುದಿನ ಬೆಳಿಗ್ಗೆ ನಕ್ಷೆಯ ಮುಂದೆ ನಿಂತು ಲವೀನಾಗೆ ಎಲ್ಲ ಬಿಡಿಸಿ ಹೇಳಿದ. ತವರು, ಮಡಿಲು, ಬಚ್ಚಲು.

"ದೇವರೇ," ಎಂದಳು ಅವಳು. "ನಾವು ಕಾಲುವೆ ಕಾಲುವೆ ಅಂತ ಕೂತಿದ್ದೆವು. ಹಾಗಾದರೆ ಒಂದೊಂದೇ ಮನೆ ಹೇಳಿ, ಗುರುತು ಹಾಕ್ತೇನೆ."

ಅವನು ಹೇಳುತ್ತ ಹೋದ. ಚಿಕ್ಕವ್ವನ ಮಗಳು, ಅವಳ ನಾದಿನಿ, ಸೋದರತ್ತೆಯ ಮೊಮ್ಮಗಳು. ಕೊನೆಗೆ ಕಗ್ಗಲಪುರ.

"ಇದು ನಿಮ್ಮ ಅಕ್ಕನ ಊರಲ್ವಾ? ನಿನ್ನೆ ತಾನೆ ಮದುವೆ ಊಟ ಮಾಡಿ ಬಂದ್ರಿ."

"ಹೌದು."

"ಮದುಮಗಳ ಮನೆ? ಅರಳಿಪುರ?"

"ಅಲ್ಲಿ ಬೇಡ. ಅದನ್ನು ನಾನೇ ನೋಡಿದ್ದೇನೆ. ಶುದ್ಧವಾಗಿದೆ."

ಲವೀನಾಳ ಬೆರಳು ಅರಳಿಪುರದ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಯಿತು. ಪ್ರಯೋಗದ ಮಡಿಯಲ್ಲಿ ಒಂದು ಕಂದಿನ ಗುಂಡಿ ಇರುವುದು ಅವಳ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ ಅವನಿಗೆ ಕಡೆಗೂ ತಿಳಿಯಲಿಲ್ಲ.

ತೆರವು ತಂಡ ಕಗ್ಗಲಪುರಕ್ಕೆ ಹೋದ ದಿನ ಅವನೂ ಹೋದ. ಬೇರೆಯವರನ್ನು ಕಳಿಸಬಹುದಿತ್ತು. ಚಪ್ಪರ ಇನ್ನೂ ಬಿಚ್ಚಿರಲಿಲ್ಲ. ಭಾವ ಶಿವಣ್ಣಪ್ಪ ಜಗಲಿಯ ಮೇಲೆ ಕೂತು ಒಂದೇ ಮಾತು ಕೇಳಿದರು: "ಗೊನೆ ಬಿಟ್ಟಿರೋ ಗಿಡಾನೂ ಕಡೀತಾರಾ?" ಅವನು ಹೌದೆಂದು ತಲೆಯಾಡಿಸಿದ. ಅವರು ಒಳಗೆದ್ದು ಹೋದರು. ಹಿತ್ತಿಲಿನ ಗಿಡಕ್ಕೆ ಸೂಜಿ ಚುಚ್ಚುವಾಗ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಬೈಯಲಿಲ್ಲ. ಅವಳು ಬೈದಿದ್ದರೆ ಅವನಿಗೆ ಉತ್ತರ ಸಿದ್ಧವಿತ್ತು: ಕೆಂಪು ಚುಕ್ಕೆಗಳ ನಕ್ಷೆ, ಕಾಲುವೆಯ ಕೆಳಗಿನ ಊರುಗಳು, ಎಲ್ಲವೂ. ಅವಳು ಕೈಯಲ್ಲಿದ್ದ ಮೊರವನ್ನು ಗೋಡೆಗೆ ಒರಗಿಸಿ ಬಾಗಿಲು ಹಾಕಿಕೊಂಡಳು.

ಆಮೇಲೆ ಫೋನಿಗೆ ಅವಳು ಸಿಗಲಿಲ್ಲ. ಗೌರಿ ಹಬ್ಬಕ್ಕೆ ಕಳಿಸಿದ ಬಾಗಿನ ವಾಪಸಾಯಿತು. ಕೇಂದ್ರದಲ್ಲಿ ಕೆಂಪು ಚುಕ್ಕೆಗಳು ಹೊಸದಾಗಿ ಹುಟ್ಟುವುದು ನಿಧಾನವಾಗಿ, ನಂತರ ನಿಂತೇ ಹೋಯಿತು. ಗುರುಮಲ್ಲಪ್ಪನನ್ನು ಹೊಗಳಿದರು. ಅವನು ಮಾತ್ರ ಏನಾದರೊಂದು ನೆಪ ಹುಡುಕಿ ಅರಳಿಪುರಕ್ಕೆ ಹೋಗುತ್ತಿದ್ದ. ವೇಣಿಯ ಬಚ್ಚಲ ಪಕ್ಕ, ಕಂದಿಗೆ ಜೊತೆಯಾಗಿ, ಒಂದು ಕಾವಲು ಗಿಡ ನೆಟ್ಟುಕೊಟ್ಟಿದ್ದ. ಹೋದಾಗಲೆಲ್ಲ ಬಗ್ಗಿ ಅದರ ಎಲೆಯ ಬೆನ್ನು ನೋಡುತ್ತಿದ್ದ. ಮುಗಿಯದ ಪರೀಕ್ಷೆಯ ಗಿಡ. ಮೂರನೆಯ ಬೆಳೆಗೆ ಸೋತರೆ? ಬಿಟ್ಟುಹೋದ ಒಂದು ಮಣ್ಣಿನ ಕಣ ಆ ಸೀರೆಯ ನೂಲಿನಲ್ಲಿ ಉಳಿದಿದ್ದರೆ? ಎಲೆ ಪ್ರತಿಸಲವೂ ಹಸಿರಾಗಿಯೇ ಇರುತ್ತಿತ್ತು. ಆ ಹಸಿರು ಅವನಿಗೆ ಮುಂದಿನ ಸಲದವರೆಗೆ ಮಾತ್ರ ಸಾಕಾಗುತ್ತಿತ್ತು.

"ನನಗಿಂತ ಬಾಳೆ ಮೇಲೇ ಪ್ರೀತಿ ನಮ್ಮ ಮಾವಂಗೆ," ಎಂದು ವೇಣಿ ಅತ್ತೆಯ ಎದುರು ಹಂಗಿಸುತ್ತಿದ್ದಳು.

ಮೊದಲ ಗೊನೆ ಹಣ್ಣಾದಾಗ ವೇಣಿಯೇ ಫೋನು ಮಾಡಿದಳು. "ಬನ್ನಿ ಮಾವ. ನಮ್ಮವ್ವನೂ ಬಂದವ್ಳೆ."

ಅಕ್ಕ ಅರಳಿಪುರದ ಮನೆಯ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಮುಂದೆ ತಟ್ಟೆಯಲ್ಲಿ ಒಂದು ಚಿಪ್ಪು ಹಣ್ಣು. ತೆಳು ಸಿಪ್ಪೆ, ಅಲ್ಲಲ್ಲಿ ಕಪ್ಪು ಮಚ್ಚೆ. ಗುರುಮಲ್ಲಪ್ಪ ಹೊಸ್ತಿಲ ಬಳಿಯೇ ನಿಂತ.

"ಕೂತ್ಕೊ," ಎಂದಳು. ಮದುವೆಯ ನಂತರ ಅವಳು ಅವನಿಗೆ ಆಡಿದ ಮೊದಲ ಮಾತು.

ಅವನು ಕೂತ. ವೇಣಿ ಒಳಗೆ ಹೋದಳು. ಹೋಗಬೇಕೆಂದು ಅವಳಿಗೆ ತಾಯಿ ಮೊದಲೇ ಹೇಳಿರಬೇಕು.

"ಎಲ್ಲಾರ ಮನೇಗೂ ಸೂಜಿ ಬಂತು," ಎಂದಳು ಅಕ್ಕ, ತಟ್ಟೆಯನ್ನು ನೋಡುತ್ತ. "ಚಿಕ್ಕವ್ವನ ಮನೆ ಬುಡ್ನಿಲ್ಲ. ನನ್ ಮನೆ ಬುಡ್ನಿಲ್ಲ. ಇಲ್ಲಿಗೆ ಮಾತ್ರ ಬರ್ನಿಲ್ಲ. ನಾನು ಬೋ ದಿನ ಸಿಟ್ಟು ಮಾಡ್ಕಂಡೆ ಕನ್ಲಾ ಗುರು. ಆಮೇಕೆ ಕುಂತು ಯೋಚ್ನೆ ಮಾಡ್ದೆ. ಅವ್ವನ ಬೇರು ಇಲ್ಲಿ ಅದೆ ಅಂತ ನಿಂಗೊಬ್ನಿಗೆ ಗೊತ್ತಿತ್ತು. ನೀನು ಬಾಯಿ ಬುಡ್ನಿಲ್ಲ. ಕೆಲ್ಸ ಹೋದ್ರೂ ಹೋಗ್ಲಿ ಅಂತ ಇದೊಂದ ಉಳ್ಸ್ಕೊಟ್ಟೆ."

ಅವಳು ಒಂದು ಹಣ್ಣು ಸುಲಿದು ಬಾಯಿಗಿಟ್ಟುಕೊಂಡಳು. ಕಣ್ಣು ಮುಚ್ಚಿದಳು. ಅಗಿಯುವುದು ನಿಧಾನವಾಯಿತು. ಗುರುಮಲ್ಲಪ್ಪ ಅವಳ ದವಡೆಯನ್ನೇ ನೋಡುತ್ತಿದ್ದ.

"ಅದೇ ಕನ," ಎಂದಳು. "ತೊರೆಹುಂಡಿ ಹಣ್ಣೇಯ. ತಿನ್ನು."

ಅವನು ತಿಂದ. ಮೆದು, ಸಿಹಿ, ಹಳೆಯ ಪರಿಮಳ. ನುಂಗಿದ ಮೇಲೆ ನಾಲಿಗೆಯ ತುದಿಯಲ್ಲಿ ಒಂದಿಷ್ಟು ಹುಳಿ ಉಳಿಯಿತು.

"ಅಲ್ವಾ?" ಎಂದಳು ಅಕ್ಕ.

"ಹೂಂ," ಎಂದ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, ಚಿಪ್ಪಿನಿಂದ ಇನ್ನೊಂದು ಹಣ್ಣು ಬಿಡಿಸಿ, ಸುಲಿದು, ಚಿಕ್ಕವನಿದ್ದಾಗ ಕೊಡುತ್ತಿದ್ದಂತೆ ಅವನ ಕೈಗೇ ಕೊಟ್ಟಳು. ಅವನು ಅದನ್ನೂ ತಿಂದ.

ಆ ಗಿಡ ಅವ್ವನ ತೋಟದ್ದಲ್ಲ, ಅವ್ವನ ಕೊನೆಯ ಕಂದನ್ನು ತಾನೇ ತುಂಡು ಮಾಡಿ ಬೇಯಿಸಿ ಹಾಕಿದೆ ಎಂದು ಗುರುಮಲ್ಲಪ್ಪ ಅಕ್ಕನಿಗೆ ಅಂದು ಹೇಳಲಿಲ್ಲ. ಮುಂದೆಯೂ ಹೇಳಲಿಲ್ಲ.